ಮಾಂಬಲಂನ ಗಾಡಿಗೆ ಚಳಿ

ಡೀಸೆಲ್ಲಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಮುಂದುವರಿಯೋಣ. ಇವತ್ತು ಬೆಳಿಗ್ಗೆ ಕರೆಂಟು ಹೋಗಿ, ನಮ್ಮ ಫ್ಲ್ಯಾಟುಗಳ ಜನರೇಟರು ಕೆಮ್ಮುತ್ತ ಎದ್ದಾಗ, ಅರ್ಧ ಸುಟ್ಟ ಡೀಸೆಲ್ಲಿನ ಬಿಳಿ ಹೊಗೆ ಮೆಟ್ಟಿಲು ಹತ್ತಿ ಬಂತು. ಉಳಿದ ಮನೆಗಳವರು ಕಿಟಕಿ ಮುಚ್ಚಿಕೊಂಡರು. ನನಗೆ ಮಾತ್ರ ಇಂಗು, ಕರಿಬೇವು, ಬೆಂದ ತೊಗರಿಬೇಳೆ ಎಲ್ಲ ಒಟ್ಟಿಗೆ ನೆನಪಾಗಿ ಬಾಯಲ್ಲಿ ನೀರೂರಿತು.

ಇದಕ್ಕೆ ಕಾರಣ ನನ್ನ ಹೆಂಡತಿ ವೇದವಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮದರಾಸಿನ ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿದ್ದೆವು. ನಾನು ಮೈಸೂರಿನಿಂದ ಕೆಲಸಕ್ಕೆಂದು ಬಂದವನು. ಅವಳ ಮನೆಯವರು ತಲೆಮಾರುಗಳಿಂದ ಮದರಾಸಿನವರು. ಅವಳ ಕನ್ನಡ ಮಾತಿನ ನಡುವೆ ತಮಿಳಿನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವಂಥದು. ನಾನಿದ್ದದ್ದು ಇನ್ಶೂರೆನ್ಸ್ ಆಫೀಸಿನಲ್ಲಿ. ಎಲ್ಲಿ ಬೆಂಕಿ ಬೀಳಬಹುದು, ಯಾವ ಗೋಡೆ ಕುಸಿಯಬಹುದು ಎಂದು ಹಗಲೆಲ್ಲ ಊಹಿಸುವುದಕ್ಕೆ ಅವರು ಸಂಬಳ ಕೊಡುತ್ತಿದ್ದರು. ಸಂಜೆ ಮನೆಗೆ ಬಂದು ಅದೇ ಕೆಲಸವನ್ನು ಬಿಟ್ಟಿಯಾಗಿ ಮುಂದುವರಿಸುತ್ತಿದ್ದೆ. ನಾವು ಚಿಂತೆ ಎನ್ನುವುದನ್ನು ವೇದವಲ್ಲಿ ತಮಿಳಿನಲ್ಲಿ ಕವಲೆ ಎನ್ನುತ್ತಾಳೆ. "ರೀ, ಸುಮ್ನೆ ಕವಲೆ ಪಡಬೇಡಿ" ಎನ್ನುವುದು ನಮ್ಮ ಮನೆಯ ಸುಪ್ರಭಾತ.

ಅವಳ ಕೈರುಚಿ ಹೇಗೋ ಊರಿನ ಇನ್ನೊಂದು ತುದಿಯ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯವರೆಗೆ ಹೋಗಿತ್ತು. ಅಲ್ಲಿನ ಬೆಳಗಿನ ಪಾಳಿಗೆ ಇಡ್ಲಿ, ಚಟ್ನಿ, ಸಾಂಬಾರು ಕಳಿಸಬೇಕು. ಧನುರ್ಮಾಸ ಪೂರ್ತಿ ಪರೀಕ್ಷೆ, ಪಾಸಾದರೆ ಆರ್ಡರು ಕಾಯಂ. ಅಷ್ಟು ದಿನ ಮದುವೆ ಮನೆಗಳಿಗೆ ಹೋಳಿಗೆ ತಟ್ಟಿಕೊಟ್ಟವಳಿಗೆ ಇದು ತನ್ನದೇ ಅಡಿಗೆಮನೆ ತೆರೆಯುವ ದಾರಿ. ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡೆವು. ಡ್ರೈವರು ನಾನೇ. ಬೆಳಿಗ್ಗೆ ತಿಂಡಿ ತಲುಪಿಸಿ ಬಂದು, ಸ್ನಾನ ಮಾಡಿ, ಮೈಯೆಲ್ಲ ಇಂಗಿನ ವಾಸನೆಯೊಡನೆ ಆಫೀಸಿಗೆ ಹೋಗುತ್ತಿದ್ದೆ.

ಗಾಡಿಗೊಂದು ಕಾಯಿಲೆಯಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟಾಗುತ್ತಿತ್ತು. ಓಣಿ ದಾಟಿ ರೈಲು ಹಳಿಯ ಕೆಳಗಿನ ಸಬ್‌ವೇಗೆ ಇಳಿಯುವವರೆಗೂ ಸಂಭಾವಿತ. ಅಲ್ಲಿಂದ ಏರು ಹತ್ತಲು ಆಕ್ಸಿಲರೇಟರು ಒತ್ತಿದರೆ ಮಾತ್ರ ಯೋಚನೆಗೆ ಬೀಳುತ್ತಿತ್ತು. ಹೋಗಲೋ ಬೇಡವೋ ಎಂದು ಉಸಿರು ಹಿಡಿದು, ಮರುಕ್ಷಣ ಮುಂದಕ್ಕೆ ಜಿಗಿಯುತ್ತಿತ್ತು. ಹಿಂದೆ ಸಾಂಬಾರು ತಪ್ಪಲೆಯ ಮುಚ್ಚಳಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತು. ಒಂದೆರಡು ಬಾರಿ ಹೀಗೆ ಮಾಡಿದ ಮೇಲೆ ತಿರುವೊಟ್ಟಿಯೂರಿನವರೆಗೆ ಬೆಣ್ಣೆಯ ಹಾಗೆ ಓಟ.

ಗಾಡಿಗೆ ಚಳಿ ಎಂದು ಎದುರುಮನೆಯವರು ತೀರ್ಮಾನ ಕೊಟ್ಟರು. ಮದರಾಸಿನ ಚಳಿ ನಿಮಗೆ ಗೊತ್ತಲ್ಲ? ಬೇರೆ ಊರಲ್ಲಿ ಫ್ಯಾನು ಹಾಕಿಕೊಳ್ಳುವ ಹವೆಯಲ್ಲಿ ಅಲ್ಲಿನವರು ಮಂಕಿ ಕ್ಯಾಪ್ ತೊಟ್ಟು, ಕಿವಿಗೆ ಹತ್ತಿ ತುರುಕಿ ಓಡಾಡುತ್ತಾರೆ. ಆದರೂ ನಾನು ಮನೆಯ ಕಂಬಳಿ ತೆಗೆದುಕೊಂಡು ಹೋಗಿ ಬಾನೆಟ್ಟಿಗೆ ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸಿದೆ. "ನಾಳೆ ಶುಂಠಿ ಕಷಾಯ ಮಾಡ್ಲಾ ಅದಕ್ಕೆ?" ಎಂದಳು ವೇದವಲ್ಲಿ. ಬೆಳಿಗ್ಗೆ ಕಂಬಳಿ ತೆಗೆದು ಹೊರಟೆ. ಗಾಡಿ ಎಂದಿನಂತೆ ಯೋಚಿಸಿತು.

ಮೆಕ್ಯಾನಿಕ್ ದೇವಸಹಾಯಂ ಹಿಂದೆ ಬೆಂಗಳೂರಿನ ಶೆಡ್ಡಿನಲ್ಲಿದ್ದವನು. ನನ್ನ ಮೇಲೆ ಕನ್ನಡ ಪ್ರಯೋಗಿಸುವುದೆಂದರೆ ಅವನಿಗೆ ಖುಷಿ. ಗಾಡಿ ಒಯ್ದು ನಿಲ್ಲಿಸಿದರೆ, "ಕುದುರೆ ಥರ ಐತಲ್ಲ ಸಾರ್?" ಎಂದ. ವೈದ್ಯರ ಎದುರು ಕೂತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ, ಶೆಡ್ಡು ತಲುಪುವಷ್ಟರಲ್ಲಿ ಇಂಜಿನ್ನು ಬಿಸಿಯಾಗಿ ಕಾಯಿಲೆ ಹೋಗಿರುತ್ತಿತ್ತು.

"ತಣ್ಣಗಿರೋವಾಗ ತನ್ನಿ ಸಾರ್."

"ತರೋವಾಗ್ಲೇ ಬಿಸಿಯಾಗತ್ತಲ್ಲಪ್ಪ."

"ಅದಕ್ಕೆ ನಾನೇನ್ ಮಾಡ್ಲಿ? ತಳ್ಕೊಂಡು ಬನ್ನಿ."

ಕಾರ್ಖಾನೆಗೆ ರಜೆಯಿದ್ದ ಭಾನುವಾರ, ಚೆನ್ನಾಗಿ ಓಡುವ ಗಾಡಿಯನ್ನು ಓಡಿಸದೆ ತಳ್ಳಿಕೊಂಡು ಹೊರಟೆವು. ಸ್ಟಿಯರಿಂಗ್ ಬೀಗ ಬಿಡಿಸಲು ಕೀಲಿ ತಿರುಗಿಸಿ ನಾನು ಒಳಗೆ ಕೂತೆ, ವೇದವಲ್ಲಿ ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಧನುರ್ಮಾಸದ ಬೆಳಗು, ತಾಳ ಹಿಡಿದ ಭಜನೆಯವರ ಗುಂಪು ಎದುರಾಯಿತು. ಹೆಂಗಸೊಬ್ಬಳೇ ತಳ್ಳುತ್ತಿರುವುದನ್ನು, ಗಂಡಸೊಬ್ಬ ಆರಾಮವಾಗಿ ಕೂತಿರುವುದನ್ನು ಕಂಡು ಹಾಡುತ್ತಿದ್ದ ಪಾಶುರವನ್ನು ಅರ್ಧಕ್ಕೇ ನಿಲ್ಲಿಸಿ, ಎಲ್ಲ ಮಂಕಿ ಕ್ಯಾಪುಗಳೂ ಗಾಡಿಗೆ ಹೆಗಲು ಕೊಟ್ಟವು. "ಬೇಡ, ಸ್ಟಾರ್ಟ್ ಆಗಬಾರದು!" ಎಂದು ಕೂಗಿಕೊಂಡೆ. ಸಂಕೋಚದ ಮನುಷ್ಯ ಎಂದುಕೊಂಡು ಇನ್ನೂ ಜೋರಾಗಿ ತಳ್ಳಿದರು. "ಗೇರ್ ಪೋಡುಂಗ ಸಾರ್! ಕ್ಲಚ್ ವಿಡುಂಗ!" ಎಂದು ಹಿರಿಯರೊಬ್ಬರು ಗದರಿದರು. ಗಟ್ಟಿಯಾಗಿ ಯಾರು ಏನು ಹೇಳಿದರೂ ಮಾಡಿಬಿಡುವುದು ನನ್ನ ಹುಟ್ಟುಗುಣ. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಗಾಡಿ ಸ್ಟಾರ್ಟಾಯಿತು. ಎಲ್ಲರೂ ತಾಳ ತಟ್ಟಿದರು. ಒಂದಿಡೀ ರಾತ್ರಿ ಕೂಡಿಟ್ಟಿದ್ದ ತಂಪು ಹೀಗೆ ದಂಡವಾಯಿತು.

"ಇವತ್ತು ರಾತ್ರಿ ಇಲ್ಲೇ ಬಿಡಿ ಸಾರ್" ಎಂದ ದೇವಸಹಾಯಂ. ಬೆಳಿಗ್ಗೆ ಹೋದರೆ, ತಣ್ಣಗೆ ಮಲಗಿದ್ದ ಗಾಡಿ ಶೆಡ್ಡಿನಿಂದ ಹೊರಟು ಸಬ್‌ವೇ ಏರನ್ನು ಹೂವಿನ ಹಾಗೆ ಹತ್ತಿತು. ಪಕ್ಕದಲ್ಲಿ ಕೂತಿದ್ದ ಅವನು ನನ್ನ ಮುಖವನ್ನೇ ನೋಡಿದ. "ಗಾಡಿಗೇನಿಲ್ಲ ಸಾರ್. ನೀವು ಒಂದ್ಸಲ ಬಿಪಿ ನೋಡಿಸ್ಕೊಳ್ಳಿ."

ನನಗೂ ಅದೇ ಅನುಮಾನ ಬಂತು. ಆದರೆ ಮರುದಿನ ಮನೆಯಿಂದ ಹೊರಟಾಗ ಗಾಡಿ ಎಂಥ ಜರ್ಕು ಹೊಡೆಯಿತೆಂದರೆ, ಕಟ್ಟಿದ್ದ ಹಗ್ಗ ಹರಿದು ತಪ್ಪಲೆಯೇ ಉರುಳಿ ಸಾಂಬಾರೆಲ್ಲ ಗಾಡಿಯ ಪಾಲಾಯಿತು. ಮತ್ತೆ ಸಾಂಬಾರು ಮಾಡಿಸಿಕೊಂಡು ಹೋಗುವಾಗ ಕಾರ್ಖಾನೆಯ ಗಂಟೆ ಹೊಡೆದಿತ್ತು. ಕ್ಯಾಂಟೀನಿನ ಅಧಿಕಾರಿ ಗಡಿಯಾರ ನೋಡಿ, ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದರು.

ವೇದವಲ್ಲಿ ಸೆರಗು ಸಿಕ್ಕಿಸಿದಳು. ಬಕೆಟ್ಟು ತಂದು ಗಾಡಿಯ ಹಿಂಭಾಗ ತೊಳೆಯತೊಡಗಿದಳು. ಬೈದಿದ್ದರೇ ವಾಸಿಯಿತ್ತು. ನಾನು ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಅವಳು ಮುಂದಕ್ಕೆ ಎರಚಿದ ನೀರೆಲ್ಲ ಸರಸರನೆ ಹಿಂದಕ್ಕೇ ಹರಿದು ನನ್ನ ಕಾಲ ಮೇಲೆ ಬಿತ್ತು.

"ರೀ, ಶೆಡ್ಡಲ್ಲಿ ಗಾಡಿ ಹಿಂಗೇ ತಲೆ ಮೇಲೆ ಮಾಡ್ಕೊಂಡು ನಿಂತಿತ್ತಾ?"

"ಇಲ್ಲ, ಅಲ್ಲಿ ಸಮನೆಲ."

"ನೀರೇ ಹಿಂದಕ್ಕೋಡತ್ತೆ. ಡೀಸಲ್ ಮಾತ್ರ ರಾತ್ರಿಯೆಲ್ಲಾ ಮುಂದೆ ಕಾದ್ಕೊಂಡ್ ಕೂತಿರತ್ತಾ?"

ಮನೆಯ ಗೇಟಿನ ಇಳಿಜಾರಿನ ಮೇಲೆ ಗಾಡಿಯ ಮೂತಿ ಎತ್ತಿ ನಿಲ್ಲಿಸುತ್ತಿದ್ದವನು ನಾನೇ. ಹಿಂದಿನ ಮಳೆಗಾಲದಲ್ಲಿ ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತಲ್ಲ, ಇಂಜಿನ್ನಿಗೆ ನುಗ್ಗಿದರೆ ಎಂಬ ಭಯ. ಮಳೆಗಾಲ ಮುಗಿದಿತ್ತು, ಭಯ ಮುಗಿದಿರಲಿಲ್ಲ. ಮನೆಗೇ ಬಂದ ದೇವಸಹಾಯಂ ಗಾಡಿಯಡಿ ನುಸುಳಿ, ಬಿರುಕು ಬಿಟ್ಟ ರಬ್ಬರ್ ಪೈಪೊಂದನ್ನು ಹಿಡಿದು ಹೊರಬಂದ. ಇಳಿಜಾರಿನಲ್ಲಿ ರಾತ್ರಿಯೆಲ್ಲ ಡೀಸೆಲ್ಲು ಟ್ಯಾಂಕಿಗೆ ಹಿಂದಿರುಗಿ, ಆ ಬಿರುಕಿನಿಂದ ಪೈಪಿನೊಳಗೆ ಗಾಳಿ ಸೇರುತ್ತಿತ್ತಂತೆ. ಮುಂದೆ ಉಳಿದಿದ್ದ ಚೂರು ಡೀಸೆಲ್ಲು ಮುಗಿದು ಆ ಗಾಳಿ ಇಂಜಿನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಸಬ್‌ವೇ ಬರುತ್ತಿತ್ತು. ಹೊಸ ಪೈಪು ಹಾಕಿದ. ಬಿಪಿಯ ಸಲಹೆಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಗಾಡಿ ಏರು ಹತ್ತಿದ ಸುಖವನ್ನು ಹೇಗೆ ಹೇಳಲಿ! ಯೋಚನೆಯಿಲ್ಲ, ಜಿಗಿತವಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಎದೆ ಖಾಲಿಯಾಗಿ, ಗುನುಗಿಕೊಂಡು, ಪಕ್ಕದಲ್ಲಿ ಸಮುದ್ರವಿದೆ ಎಂಬುದನ್ನು ಗಮನಿಸಿಕೊಂಡು ಹೋದೆ. ಗಂಟೆಗೆ ಮೊದಲೇ ತಲುಪಿ, ಗಾಡಿಯ ಹಿಂಬಾಗಿಲು ತೆಗೆದೆ. ಇಡ್ಲಿಯಿತ್ತು, ಚಟ್ನಿಯಿತ್ತು. ಸಾಂಬಾರಿರಲಿಲ್ಲ.

ದಿನವೂ ಜರ್ಕಿನ ಹೆದರಿಕೆಯಿಂದ ಆ ತಪ್ಪಲೆಗೆ ಹಗ್ಗ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದೆ. ಅಂದು ಹೆದರಿಕೆಯಿರಲಿಲ್ಲ. ತಪ್ಪಲೆ ಜಗುಲಿಯಲ್ಲೇ ಕೂತಿತ್ತು.

ಗೇಟಿನಲ್ಲಿ ನಿಂತು ಏನೆಂದು ಸುಳ್ಳು ಹೇಳಲಿ ಎಂದು ಹುಡುಕುತ್ತಿದ್ದೆ. ಗಂಟೆ ಹೊಡೆಯುವ ಮೊದಲು ಆಟೋವೊಂದು ಬಂದು ನಿಂತಿತು. ಒಳಗೆ ವೇದವಲ್ಲಿ ತಪ್ಪಲೆಯನ್ನು ಎರಡು ಕಾಲುಗಳ ನಡುವೆ ಬಿಗಿಹಿಡಿದು ಕೂತಿದ್ದಳು. ಆಟೋದವನ ಬೆನ್ನ ಮೇಲೆ ಒಂದು ನುಗ್ಗೆಕಾಯಿಯಿತ್ತು. ಕ್ಯಾಂಟೀನಿನ ಅಧಿಕಾರಿ ಹೊರಬಂದು ಎರಡೂ ಗಾಡಿಗಳನ್ನು ನೋಡಿ, "ಸಾಂಬಾರುಕ್ಕು ತನಿ ವಂಡಿಯಾ?" ಎಂದರು. ಸಾಂಬಾರಿಗೇ ಬೇರೆ ಗಾಡಿಯೇ ಎಂದು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಗೌರವವಿತ್ತು. ವೇದವಲ್ಲಿ ರೆಪ್ಪೆ ಬಡಿಯದೆ ತಮಿಳಿನಲ್ಲಿ ಉತ್ತರ ಕೊಟ್ಟಳು: ಇಡ್ಲಿ ಮೊದಲು ಬಂದರೆ ನಡೆಯುತ್ತದೆ ಸಾರ್, ಸಾಂಬಾರು ಒಲೆಯಿಂದ ನೇರವಾಗಿ ಬರಬೇಕು.

ಆರ್ಡರು ಕಾಯಂ ಆಯಿತು.

ಹಿಂದಿರುಗುವಾಗ ಪಕ್ಕದಲ್ಲಿ ಕೂತವಳು ಬೆರಳು ಮಡಚಿ ಆಟೋ ಬಾಡಿಗೆಯ ಲೆಕ್ಕ ಹಾಕಿದಳು. ಕಡೆಗೆ, "ಇನ್ಮೇಲೆ ನೀವು ಕವಲೆ ಪಡೋದು ನಿಲ್ಲಿಸ್ಬೇಡಿ. ನನಗೆ ಕಟ್ಟುಪಡಿ ಆಗಲ್ಲ" ಎಂದಳು. ಅವಳಿಗೆ ಅದು ಪೂರೈಸುವುದಿಲ್ಲ ಎಂದು ಅರ್ಥ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನನ್ನ ಗುಣವೊಂದನ್ನು ಅವಳು ಇಟ್ಟುಕೊಳ್ಳಲು ಒಪ್ಪಿದ್ದು ಅದೇ ಮೊದಲು.

ಈಗ ಫ್ಲ್ಯಾಟಿನ ಹಿಂದಿನ ರಸ್ತೆಯಲ್ಲಿ ಅವಳ ದೊಡ್ಡ ಅಡಿಗೆಮನೆಯಿದೆ, ಗಾಡಿಗಳಿವೆ, ಡ್ರೈವರುಗಳಿದ್ದಾರೆ. ಅಲ್ಲಿ ನನಗೊಂದೇ ಹುದ್ದೆ. ಹೊರಡುವ ಪ್ರತಿ ಗಾಡಿಯ ಹಿಂದೆ ನಿಂತು, ಏನೇನು ಕೆಡಬಹುದೆಂದು ಕ್ರಮವಾಗಿ ಯೋಚಿಸಿ, ತಲೆಯಾಡಿಸಬೇಕು. ಮೊದಮೊದಲು ನಗುತ್ತಿದ್ದ ಡ್ರೈವರುಗಳು ಈಗ ನನ್ನ ತಲೆ ಆಡದೆ ಕೀಲಿ ಮುಟ್ಟುವುದಿಲ್ಲ. ಇವತ್ತೂ ಹೋಗಿ ನಿಂತೆ. ಒಗ್ಗರಣೆಯ ಹೊಗೆಯೊಳಗಿಂದ ವೇದವಲ್ಲಿ ಕೂಗಿದಳು:

"ರೀ, ಮುಗೀತಾ ನಿಮ್ದು? ಹೊತ್ತಾಯ್ತು!"

"ತಡಿಯೇ," ಎಂದೆ, "ಈಗಿನ್ನೂ ಚಟ್ನಿಗೆ ಬಂದಿದೀನಿ."