ಎಲ್ಲ ಸಂದರ್ಭಗಳಿಗೂ ಸೂಕ್ತವಲ್ಲದ ಲೇಸೊಗಳು

ಮೊಂಬಾಸಾದ ಹಳೇ ಪಟ್ಟಣದಲ್ಲಿ ಲೇಸೊ ಮಾರುವವರು ಬೀದಿಗೆ ಹತ್ತು ಮಂದಿ ಇದ್ದರೂ ಮ್ವಾಜುಮಾ ಬರಲಿ ಎಂದು ಕಾಯುವ ಮನೆಗಳೇ ಹೆಚ್ಚಾಗಿದ್ದವು. ಬಟ್ಟೆ ಎಲ್ಲರ ಹತ್ತಿರವೂ ಒಂದೇ, ಬಾಯಿ ಮಾತ್ರ ಅವಳೊಬ್ಬಳದು. ಲೇಸೊ ಬರುವುದು ಜೋಡಿಯಾಗಿ. ಒಂದನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಗೆ ಹೊದ್ದುಕೊಳ್ಳುತ್ತಾರೆ. ಪ್ರತಿಯೊಂದರ ಅಂಚಿಗೂ ಒಂದು ಮಾತು ಅಚ್ಚಾಗಿರುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಆ ಊರಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಂಡು ಹೇಳಿಬಿಡುತ್ತಾರೆ. ಯಾವ ಮಾತನ್ನು ಯಾರ ಮುಂದೆ ಉಟ್ಟು ಓಡಾಡಬೇಕು, ಯಾವುದನ್ನು ಬಾಣಂತಿಗೆ ಕೊಡಬೇಕು, ಯಾವುದನ್ನು ಅಪ್ಪಿತಪ್ಪಿಯೂ ಅತ್ತೆಗೆ ಕೊಡಬಾರದು ಎಂಬುದೆಲ್ಲ ಮ್ವಾಜುಮಾಳ ನಾಲಿಗೆಯ ತುದಿಯಲ್ಲಿತ್ತು.

ತಲೆಯ ಮೇಲೆ ಗಂಟು ಹೊತ್ತು ಮೂವತ್ತು ವರ್ಷ ಮೆಟ್ಟಿಲು ಹತ್ತಿಳಿದ ಮೇಲೆ ಅವಳ ಮೊಣಕಾಲುಗಳು ಮುಷ್ಕರ ಹೂಡಿದವು. ಅದೇ ಹೊತ್ತಿಗೆ ಗಂಡನ ತಂಗಿ ರುಕಿಯಾ ಮಸ್ಕತ್‌ನಲ್ಲಿ ಬಹಳ ವರ್ಷ ದುಡಿದು ಊರಿಗೆ ವಾಪಸು ಬಂದಳು. ಅಲ್ಲಿ ಯಾವುದೋ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬಂದವಳು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ.

“ವಿಫಿ, ಗಂಟು ಹೊರೋದು ಸಾಕು. ಅಂಗಡೀನ ಇಂಟರ್ನೆಟ್ಟಲ್ಲಿ ಇಡೋಣ,” ಅಂದಳು.

ಆ ಕರಾವಳಿಯಲ್ಲಿ ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಕರೆಯುವುದೇ ವಿಫಿ ಎಂದು. ಅಲ್ಲಿನವರು ಬರೆಯುವ ಇಂಗ್ಲಿಷ್ ಲಿಪಿಯಲ್ಲಿ ಅದಕ್ಕೂ ವೈಫೈಗೂ ಅಕ್ಷರಗಳು ಒಂದೇ. ಮನೆಗೆ ವೈಫೈ ಹಾಕಲು ಬಂದವನನ್ನು ಮ್ವಾಜುಮಾ ಬಾಗಿಲಲ್ಲೇ ತಡೆದು, “ಒಬ್ಬಳು ಆಗ್ಲೇ ಮನೇಲಿದಾಳಪ್ಪ, ಅವಳ ಸದ್ದೇ ಜಾಸ್ತಿ. ಇನ್ನೊಂದು ಯಾಕೆ?” ಎಂದು ಕೇಳಿದ್ದನ್ನು ಬೀದಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಅಂಗಡಿ ಚೆನ್ನಾಗಿಯೇ ಶುರುವಾಯಿತು. ರುಕಿಯಾ ಲೇಸೊಗಳನ್ನು ಕಿಟಕಿಗೆ ಹರವಿ ಫೋಟೊ ತೆಗೆದು ಏರಿಸಿದಳು. ನೈರೋಬಿಯಿಂದ, ಲಾಮುವಿನಿಂದ, ದಾರ್ ಎಸ್ ಸಲಾಮ್‌ನಿಂದ ಬೇಡಿಕೆ ಬಂತು. ಆಮೇಲೆ ಏನಾಯಿತೋ, ನಲ್ಲಿಯಲ್ಲಿ ನೀರು ಸಣ್ಣಗಾದ ಹಾಗೆ ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇ ಹೋಯಿತು.

ಕಾರಣ ತಿಳಿದದ್ದು ಹಳೇ ಗಿರಾಕಿಯೊಬ್ಬಳ ಮಗಳಿಂದ. ತಾಯಿಯನ್ನು ನೋಡಲು ನೈರೋಬಿಯಿಂದ ಬಂದವಳು ಹೊಸ ಲೇಸೊ ತಂದಿದ್ದಳು, ಅದೂ ಬೇರೆ ಅಂಗಡಿಯದು. ಮ್ವಾಜುಮಾ ಮುಖ ಊದಿಸಿಕೊಂಡಳು.

“ಬೇಜಾರಾಗ್ಬೇಡಿ ಅಮ್ಮ,” ಅಂದಳು ಆ ಹುಡುಗಿ. “ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ನಿಮ್ಮ ಅಂಗಡಿ ಸಿಗಲೇ ಇಲ್ಲ. ಬೇರೆಯವರದೇ ಬಂತು.”

ಮೂವತ್ತು ವರ್ಷ ಆ ಮನೆಗೆ ಲೇಸೊ ಕೊಟ್ಟವಳು ತಾನು! ಅಂಗಡಿಗೆ ಯಾರೋ ಮಾಟ ಮಾಡಿಸಿದ್ದಾರೆಂದೇ ಮ್ವಾಜುಮಾ ನಂಬಿದಳು. ರುಕಿಯಾ ಅದಕ್ಕೆ ಒಪ್ಪದೆ ಚೆಂಗೊನನ್ನು ಕರೆಸಿದಳು. ಚೆಂಗೊ ಗಿರಿಯಾಮಾ ಕಡೆಯವನು, ಗಡ್ಡ ನರೆತ ನಿಧಾನಸ್ಥ. ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ಅವನ ಕೆಲಸ. ತೆಂಗಿನ ಹಾಲಿನಲ್ಲಿ ಬೆಂದ ತೊಗರಿಯ ಜೊತೆ ಎಣ್ಣೆಯಲ್ಲಿ ಕರಿದ ಬಿಸಿ ಮಹಮ್ರಿ ತಿನ್ನುತ್ತಾ ಪುಟಗಳನ್ನೆಲ್ಲ ತಿರುವಿ ನೋಡಿದ.

“ಅಮ್ಮ, ಈ ಲೇಸೊ ಬಗ್ಗೆ ಏನು ಬರ್ದಿದೆ, ಕೇಳಿ. ‘ಉತ್ತಮ ಗುಣಮಟ್ಟದ ಶುದ್ಧ ಹತ್ತಿಯ ಲೇಸೊ. ಎಲ್ಲ ಸಂದರ್ಭಗಳಿಗೂ ಸೂಕ್ತ.’ ಇದಕ್ಕೂ ಅದೇ. ಇದಕ್ಕೂ ಅದೇ.”

“ಯಾವನು ಬರ್ದಿದ್ದು ಅದು?”

“ಸಗಟು ವ್ಯಾಪಾರಿ ಕಳಿಸಿದ್ದು,” ಎಂದು ರುಕಿಯಾ ಗೊಣಗಿದಳು. “ಹಂಗೇ ಎತ್ತಿ ಹಾಕಿದೆ.”

“ಅವನು ಎಲ್ಲರಿಗೂ ಕಳಿಸಿದಾನೆ, ಎಲ್ಲರೂ ಎತ್ತಿ ಹಾಕಿದಾರೆ,” ಅಂದ ಚೆಂಗೊ. “ಒಂದೇ ಮಾತು ನೂರು ಅಂಗಡೀಲಿದ್ದರೆ ಗೂಗಲ್ ನೂರನ್ನೂ ತೋರಿಸಲ್ಲ. ಹಳಬರದೋ ದೊಡ್ಡವರದೋ ಒಂದೆರಡು ತೋರಿಸಿ ಮಿಕ್ಕಿದ್ದನ್ನ ಹಿಂದಕ್ಕೆ ತಳ್ಳುತ್ತೆ.”

ಮ್ವಾಜುಮಾ ಅಷ್ಟರಲ್ಲಿ ಅವನ ಮಾತು ಕೇಳುವುದನ್ನೇ ನಿಲ್ಲಿಸಿದ್ದಳು. ಅವಳ ಕಣ್ಣು ತೆರೆಯ ಮೇಲಿದ್ದ ಒಂದು ಕೆಂಪು ಲೇಸೊದ ಮೇಲೆ ನೆಟ್ಟಿತ್ತು. ಅದರ ಅಂಚಿನಲ್ಲಿ ‘ನನ್ನ ಒಲೆಯ ಹೊಗೆ ನಿನ್ನ ಕಣ್ಣಿಗೇಕೆ’ ಎಂದಿತ್ತು.

“ಎಲ್ಲ ಸಂದರ್ಭಕ್ಕೂ ಸೂಕ್ತನಾ? ಇದನ್ನ ಉಟ್ಕೊಂಡು ಸಾವಿನ ಮನೆಗೆ ಹೋಗ್ತಾರೇನೇ ಯಾರಾದ್ರೂ? ಹೋದರೆ ಇನ್ನೊಂದು ಹೆಣ ಬೀಳುತ್ತೆ ಅಲ್ಲಿ! ನನ್ನ ಹೆಸರಿನ ಅಂಗಡೀಲಿ ಇಂಥ ಮಾತಾ?”

ಚೆಂಗೊ ಮಹಮ್ರಿ ಗಂಟಲಲ್ಲಿ ಸಿಕ್ಕಿ ಕೆಮ್ಮಿದ. ಸಾವರಿಸಿಕೊಂಡು, ಇನ್ನೊಂದು ರೋಗವೂ ಇದೆ ಎಂದ. ಒಂದೇ ಲೇಸೊದ ಕೆಂಪಿಗೆ ಒಂದು ಪುಟ, ಹಸಿರಿಗೆ ಒಂದು, ಹಳದಿಗೆ ಒಂದು. ಮದುವೆಯ ಸಾಲಿನಿಂದ ಹೋದರೆ ಮತ್ತೊಂದು ವಿಳಾಸ, ಉಡುಗೊರೆಯ ಸಾಲಿನಿಂದ ಹೋದರೆ ಇನ್ನೊಂದು. ತಮ್ಮ ಅಂಗಡಿಯ ಪುಟಗಳೇ ತಮ್ಮೊಳಗೆ ಜಗಳಾಡುತ್ತಿದ್ದವು. ಒಂದೊಂದು ಲೇಸೊಗೂ ಒಂದು ಮುಖ್ಯ ಪುಟ ಇಟ್ಟು, ಬಣ್ಣಗಳನ್ನೆಲ್ಲ ಅದರೊಳಗೇ ಸೇರಿಸಿ, ಹಳೆಯ ವಿಳಾಸಕ್ಕೆ ಬಂದವರನ್ನು ಅಲ್ಲಿಗೇ ಕಳಿಸಬೇಕು. ಹಾದಿ ಯಾವುದೇ ಇರಲಿ, ಮುಖ್ಯ ಪುಟ ಇದೇ ಎಂದು ಪುಟದ ಒಳಗೆ ಗುರುತು ಹಾಕಬೇಕು. ಅದು ರುಕಿಯಾಳ ಪಾಲಿಗೆ ಬಂತು. ಪ್ರತಿ ಲೇಸೊಗೂ ಅದರದೇ ಮಾತು ಬೇಕು. ಅದು ಯಾರ ಪಾಲಿಗೆಂದು ಯಾರೂ ಕೇಳಲಿಲ್ಲ.

ರುಕಿಯಾ ಹುಮ್ಮಸ್ಸಿನಿಂದ ಕೂತು ಗುರುತು ಹಾಕಿದಳು. ಸ್ವಲ್ಪ ದಿನಕ್ಕೆ, ಗೂಗಲ್‌ನ ಹಿಂದಿನ ಸಾಲಿನಲ್ಲಾದರೂ ಸಿಗುತ್ತಿದ್ದ ಲೇಸೊಗಳು ಒಂದೊಂದಾಗಿ ಮಾಯವಾದವು. ಓಡಿಬಂದು ನೋಡಿದ ಚೆಂಗೊ ತಲೆ ಮೇಲೆ ಕೈ ಹೊತ್ತು ಕೂತ.

“ಅಕ್ಕ, ಪ್ರತಿ ಲೇಸೊದ ಪುಟದಲ್ಲೂ ಮುಖ್ಯ ಪುಟ ಅಂತ ಅಂಗಡಿಯ ಮೊದಲನೇ ಪುಟದ ವಿಳಾಸ ಕೊಟ್ಟಿದೀರಿ. ‘ನನ್ನನ್ನ ಎಣಿಸಬೇಡಿ, ಬಾಗಿಲನ್ನ ಎಣಿಸಿ’ ಅಂತ ನಿಮ್ಮ ಲೇಸೊಗಳೇ ಹೇಳ್ತಿದಾವೆ. ಗೂಗಲ್ ಆ ಮಾತನ್ನ ನಂಬಿಬಿಡ್ತು.”

ಮ್ವಾಜುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಸ್ಕತ್‌ನಲ್ಲಿ ಇದನ್ನೇ ಕಲ್ತು ಬಂದ್ಯಾ ವಿಫಿ? ಅಂಗಡಿಗೆ ಮಾಟ ಹಾಕಿದವರು ಯಾರೂಂತ ಗೊತ್ತಾಯ್ತು ಬಿಡು!”

ರುಕಿಯಾ ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು. ಎರಡು ಊಟದ ಹೊತ್ತು ಮಾತಿಲ್ಲ. ಮ್ವಾಜುಮಾಳ ಗಂಡ ಅಥ್ಮಾನ್ ಲಿಕೋನಿಯ ದೋಣಿಗಟ್ಟೆಯಲ್ಲಿ ಕೆಲಸ ಮಾಡುವವನು. ಹೆಂಡತಿಯ ಕಡೆಗೋ ತಂಗಿಯ ಕಡೆಗೋ ಎಂದು ಕೇಳಿದರೆ ಮೀನಿನ ಕಡೆಗೆ ಎನ್ನುವ ಮನುಷ್ಯ. ತಲೆ ತಗ್ಗಿಸಿ ಊಟ ಮಾಡಿದ. ಕೊನೆಗೆ ಮ್ವಾಜುಮಾಳೇ ಶುಂಠಿ ಚಹಾ ಹಿಡಿದು ನಾದಿನಿಯ ಬಾಗಿಲಿಗೆ ಹೋದಳು.

“ತಗೋ ಕುಡಿ. ನನ್ನ ಬಾಯಿ ಗೊತ್ತಲ್ಲ ನಿಂಗೆ.”

“ಗೊತ್ತು. ಆ ಬಾಯಿಗೆ ಕೆಲಸ ಕೊಡ್ತೀನಿ ಬಾ. ನೀನು ಹೇಳು, ನಾನು ಬರ್ಕೋತೀನಿ.”

ಚೆಂಗೊ ಗುರುತುಗಳನ್ನು ಸರಿಪಡಿಸಿದ. ಇತ್ತ ಬೆಳಗಿನ ಹೊತ್ತು ಅತ್ತಿಗೆ ಚಾಪೆಯ ಮೇಲೆ ಕಾಲು ನೀಡಿ, ಒಂದೊಂದೇ ಲೇಸೊ ತೊಡೆಯ ಮೇಲೆ ಹರವಿ, ಮನೆಬಾಗಿಲಲ್ಲಿ ಹೇಳುತ್ತಿದ್ದ ಹಾಗೇ ಹೇಳುವಳು, ನಾದಿನಿ ಬರೆಯುವಳು. ‘ಸಿಹಿ ಮಾತಿಗೆ ಸುಂಕವಿಲ್ಲ’ ಎಂಬ ನೀಲಿ ಲೇಸೊ ಹೊಸ ಸೊಸೆಗೆ ಒಳ್ಳೆಯದು, ಮೊದಲ ಒಗೆತಕ್ಕೆ ಉಪ್ಪುನೀರಲ್ಲಿ ನೆನೆಸಿ, ಬಣ್ಣ ಬಿಡುವುದಿಲ್ಲ, ಸೊಸೆಯ ಗ್ಯಾರಂಟಿ ನಮ್ಮದಲ್ಲ. ಹೀಗೆ.

ಆ ಕೆಂಪು ಲೇಸೊದ ಸರದಿ ಬಂತು. ಮ್ವಾಜುಮಾ ರಾಗವಾಗಿ ಹೇಳಿದಳು: “ಇದು ಪಾತ್ರೆ ಮುಚ್ಚಳ ಎತ್ತಿ ನೋಡುವವರಿಗೆ. ನಮ್ಮ ಮನೆಯಲ್ಲೂ ಒಬ್ಬಳು ವಿಫಿ ಇದ್ದಾಳೆ. ಉಪ್ಪು ಸಾಲದು ಅಂತಾಳೆ, ಎರಡು ಸಲ ಬಡಿಸಿಕೊಳ್ತಾಳೆ. ಅವಳು ಒಳಗೆ ಬರುವಾಗ ಇದನ್ನು ಉಟ್ಟು ಅವಳಿಗೆ ಬೆನ್ನು ಮಾಡಿ ನಿಲ್ಲಿ.”

ಬರೆಯುತ್ತಿದ್ದ ರುಕಿಯಾಳ ಬೆರಳು ನಿಂತಿತು. “ಯಾರ ಬಗ್ಗೆ ಇದು?”

“ಲೇಸೊ ಬಗ್ಗೆ.”

ರುಕಿಯಾ ಅದನ್ನು ಹಾಗೆಯೇ ಏರಿಸಿದಳು. ಮುಂದಿನದು ‘ಬಂದವರು ಬರಲಿ, ಬಾಗಿಲು ದೊಡ್ಡದಿದೆ’ ಎಂಬ ಹಸಿರು ಲೇಸೊ. ಅದನ್ನು ಯಾರನ್ನೂ ಕೇಳದೆ ತಾನೇ ಬರೆದಳು: ‘ದೂರದಿಂದ ಬಂದ ನಾದಿನಿಗೆ ಕೊಡಿ. ಅತ್ತಿಗೆಯ ಅಡುಗೆಗೆ ಉಪ್ಪಿಲ್ಲ ಎಂದು ನಿಜ ಹೇಳುವವಳು ಅವಳೊಬ್ಬಳೇ. ಅಣ್ಣ ಪಾಪ, ಹೆದರಿ ತಿನ್ನುತ್ತಾನೆ.’

ಅದನ್ನು ಮ್ವಾಜುಮಾಳಿಗೆ ಓದಿ ಹೇಳಿದವನು ಅಥ್ಮಾನ್. ಓದುವಾಗ ಅವನ ದನಿಯಲ್ಲಿದ್ದ ಖುಷಿಯನ್ನು ಹೆಂಡತಿ ಗಮನಿಸದೆ ಇರಲಿಲ್ಲ. “ಓಹೋ, ಹೆದರಿ ತಿಂತೀರಾ?” ಎಂದು ಕೇಳಿ, ಆ ಕ್ಷಣವೇ ಇನ್ನೊಂದು ಲೇಸೊ ಎತ್ತಿಕೊಂಡಳು.

ಜಗಳ ಲೇಸೊದಿಂದ ಲೇಸೊಗೆ ಬೆಳೆಯಿತು. ಒಂದನ್ನು ಓದಿದವರು ಉತ್ತರ ಏನಿದೆ ಎಂದು ಇನ್ನೊಂದನ್ನು ತೆರೆದರು. ಅಕ್ಕತಂಗಿಯರಿಗೆ, ನಾದಿನಿಯರಿಗೆ ಕಳಿಸಿದರು. ಒಂದು ಮದುವೆಯ ಗುಂಪಿನವರು ಅತ್ತಿಗೆ ಪಕ್ಷ, ನಾದಿನಿ ಪಕ್ಷ ಎಂದು ಒಡೆದು ಎರಡೂ ಲೇಸೊ ತರಿಸಿಕೊಂಡರು. ತಿಂಗಳುಗಳು ಕಳೆದಂತೆ ಅಂಗಡಿ ಹುಡುಕಾಟದಲ್ಲಿ ಮೇಲೆ ಮೇಲೆ ಬಂತು. ನೈರೋಬಿಯ ಆ ಹುಡುಗಿ ಫೋನು ಮಾಡಿ, “ಅಮ್ಮ, ಹೊಗೆ ಲೇಸೊ ಅಂತ ಹುಡುಕಿದರೆ ನೀವೇ ಮೊದಲು!” ಎಂದು ಕೂಗಿದಳು. ಮ್ವಾಜುಮಾ ಫೋನಿಟ್ಟು ಹೊರಗೆ ಬಂದು, ನೋಯುವ ಮೊಣಕಾಲಲ್ಲೇ ಎರಡು ಹೆಜ್ಜೆ ಕುಣಿದು, ಕಂಬ ಹಿಡಿದು ನಿಂತಳು. ಒಳಗಿನಿಂದ ರುಕಿಯಾ ಕಿರುಚಿದಳು: “ಬಿದ್ದರೆ ಎತ್ತೋಳು ನಾನೇ, ನೆನಪಿರಲಿ!”

ಅಷ್ಟರಲ್ಲಿ ಅಪರಿಚಿತ ಹೆಂಗಸೊಬ್ಬಳ ಸಂದೇಶ ಬಂತು. ಕಿಸುಮುವಿನಲ್ಲಿ ತನಗೂ ಬಟ್ಟೆಯ ಅಂಗಡಿಯಿದೆಯಂತೆ. ಇವರ ಮಾತುಗಳನ್ನು ಎತ್ತಿ ತನ್ನ ಪುಟಕ್ಕೆ ಹಾಕಿಕೊಂಡಿದ್ದಳಂತೆ. ಈಗ ಗಿರಾಕಿಗಳು ‘ನಿಮ್ಮ ವಿಫಿಗೆ ಫೋನು ಕೊಡಿ’ ಎಂದು ದಿನವೂ ಪೀಡಿಸುತ್ತಾರೆ, ತನಗೋ ನಾದಿನಿಯೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದಳು.

“ತೆಗಿ ಅಂತ ದೂರು ಕೊಡೋಣ,” ಅಂದಳು ರುಕಿಯಾ, ತೋಳು ಏರಿಸಿ.

“ಸುಮ್ನಿರೇ. ತಾನಾಗೇ ಬಂದು ಒಪ್ಕೊಂಡಿದಾಳೆ, ಪಾಪ.” ಮ್ವಾಜುಮಾ ಫೋನು ಕಸಿದುಕೊಂಡು ಧ್ವನಿ ಸಂದೇಶ ಕಳಿಸಿದಳು: “ನಮ್ಮದನ್ನ ತೆಗೆದುಬಿಡು ತಂಗಿ. ಇಬ್ಬರ ಹತ್ರನೂ ಒಂದೇ ಇದ್ದರೆ ಯಾರಿಗೂ ಒಳ್ಳೇದಲ್ಲ. ನಾದಿನಿ ಇಲ್ದಿದ್ರೆ ಏನಾಯ್ತು, ಅತ್ತೆ ಇರಬೇಕಲ್ಲ?”

ಅತ್ತೆ ಇದ್ದಳು. ಕೆಲವು ದಿನದಲ್ಲಿ ಕಿಸುಮುವಿನ ಪುಟಗಳು ಬದಲಾದವು. ಚಾಪೆಯ ಮೇಲೆ ಕೂತು ರುಕಿಯಾ ಅವನ್ನು ಗಟ್ಟಿಯಾಗಿ ಓದಿದಳು. ಮ್ವಾಜುಮಾ ಹೊಸ ಗಂಟು ಬಿಚ್ಚುತ್ತಾ, ಮಧ್ಯೆ ಮಧ್ಯೆ ತಲೆದೂಗುತ್ತಾ ಪೂರ್ತಿ ಕೇಳಿದಳು.

“ಪರವಾಗಿಲ್ಲ,” ಅಂದಳು ಕೊನೆಗೆ. “ಅತ್ತೆಗೆ ಸ್ವಲ್ಪ ಹೆದರಿದಾಳೆ. ಇನ್ನೊಂದ್ಸಲ ಓದು ನೋಡೋಣ.”