ಸೈಜ್ ಇಲ್ಲ ಎನ್ನದ ಸೂಟಕ್ಕ

“ನೀರು ಬೆಚ್ಚಗಿದೆ ಅಂತ ನಿಮ್ಮ ಬೋರ್ಡಲ್ಲೇ ಬರ್ದಿದೀರಲ್ಲ ಅಕ್ಕ, ಇಪ್ಪತ್ತೆಂಟು ಡಿಗ್ರಿ. ಮತ್ತೆ ಈ ರಬ್ಬರ್ ಅಂಗಿ ಯಾಕೆ? ಮನೇಲಿ ಹಾಕೋ ನೈಟೀಲೇ ಇಳಿದ್ರೆ ಆಗಲ್ವಾ?”

ಕೇಳಿದವರು ತೆಳ್ಳನೆಯ ಒಬ್ಬ ಹೆಂಗಸು. ಬೆಳಗಿನ ಐದೂಕಾಲು ಗಂಟೆ. ಬಂದರು ರಸ್ತೆಯ ಕೊನೆಯ ಡೈವಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟು. ಕಂಬಿಗೆ ತೂಗುಹಾಕಿದ ಅರವತ್ತನಾಲ್ಕು ಸೂಟುಗಳು ತಲೆಯಿಲ್ಲದ ಜನ ಸರದಿ ನಿಂತ ಹಾಗೆ ಕಾಣುತ್ತವೆ. ಅವುಗಳ ನಡುವಿನಿಂದ ತಲೆಯಿರುವ ಒಬ್ಬರು ಹೊರಬರುತ್ತಾರೆ. ಕೊರಳಲ್ಲಿ ಅಳತೆ ಟೇಪು. ಅದನ್ನು ಅವರು ಬಳಸಿದ್ದನ್ನು ಈ ಬಂದರಿನಲ್ಲಿ ಕಂಡವರಿಲ್ಲ.

“ಮೇಡಂ, ಉಗುರುಬೆಚ್ಚಗಿನ ನೀರಿನ ತೊಟ್ಟೀಲಿ ಮುಕ್ಕಾಲು ಗಂಟೆ ಸುಮ್ನೆ ಕೂತು ನೋಡಿ. ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಹಲ್ಲು ತಾಳ ಹಾಕ್ತವೆ. ಬೆಚ್ಚಗಿರೋ ಸಮುದ್ರ ನೆಂಟರಿದ್ದ ಹಾಗೆ. ನಗ್ತಾ ನಗ್ತಾನೇ ಇರೋದನ್ನೆಲ್ಲ ಖಾಲಿ ಮಾಡುತ್ತೆ.”

ಇವರೇ ಸೂಟಕ್ಕ. ವಯಸ್ಸು ಐವತ್ಮೂರು. ಸಮುದ್ರದಡಿಯ ಹವಳ, ಆಮೆ ನೋಡಲು ಬರುವವರಿಗೆ ಮೈಗೊಪ್ಪುವ ಸೂಟು ಹುಡುಕಿ, ತೊಡಿಸಿ, ಸಂಜೆಗೆ ತೊಳೆದು, ಹರಿದದ್ದಕ್ಕೆ ತೇಪೆ ಹಾಕುವುದು ಹನ್ನೊಂದು ವರ್ಷದಿಂದ ಇವರ ಕೆಲಸ. ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಜನ. ಒಬ್ಬೊಬ್ಬರಿಗೆ ಹನ್ನೊಂದು ನಿಮಿಷ. ನೀರಿನ ಮೇಲೆ ಬಂದ ಜನ ಫೋಟೋ ತೆಗೆಸಿಕೊಳ್ಳುವುದು ಡೈವಿಂಗ್ ಮೇಷ್ಟ್ರ ಜೊತೆ. ಸೂಟಕ್ಕನ ಪಾಲಿಗೆ ಉಳಿಯುವುದು ಒದ್ದೆ ಸೂಟು, ಅದರ ವಾಸನೆ.

“ಒಳಗೆ ಏನಾಗಿದೆ ಅಂತ ನಾನು ಕೇಳಲ್ಲ. ಮೂಗಿಗೆ ಗೊತ್ತಾಗುತ್ತೆ. ದೊಡ್ಡ ದೊಡ್ಡ ಸಾಹೇಬರ ಗುಟ್ಟು ನನ್ನ ತೊಟ್ಟೀಲಿ ತೇಲ್ತಾ ಇರುತ್ತೆ,” ಎನ್ನುತ್ತಾರೆ.

ಇವರು ಯಾರನ್ನೂ ತೂಕ ಕೇಳುವುದಿಲ್ಲ. ಕೇಳಿದರೆ ಗಂಡಸರು ಐದು ಕೇಜಿ, ಹೆಂಗಸರು ಎಂಟು ಕೇಜಿ ನುಂಗುತ್ತಾರಂತೆ. ಸೈಜನ್ನು ಕಣ್ಣೇ ಹೇಳುತ್ತದೆ. ಸೂಟು ಎಷ್ಟು ದಪ್ಪ ಬೇಕು ಎಂಬುದಕ್ಕೆ ಮಾತ್ರ ಒಂದು ಪ್ರಶ್ನೆ: “ಮನೇಲಿ ರಾತ್ರಿ ಹೊದಿಕೆ ಎಳ್ಕೊಳ್ಳೋರು ಯಾರು?” ಮೊನ್ನೆ ಒಬ್ಬ ಗಂಡ, ತನಗೆ ಚಳಿ ಅಂದರೇನೆಂದೇ ಗೊತ್ತಿಲ್ಲ, ಮೊಣಕಾಲವರೆಗಿನ ತೆಳು ಸೂಟು ಸಾಕು ಎಂದ. ಹೆಂಡತಿ, “ನನ್ನ ಹೊದಿಕೆ ಅಷ್ಟೇ ಅಲ್ಲ ಅಕ್ಕ, ಶಾಲೂ ಇವರ ಕಡೆ ಹೋಗಿರುತ್ತೆ” ಎಂದಳು. ಆತ ಮೂರು ಮಿಲಿಮೀಟರಿನ ತುಂಬುತೋಳಿನ ಸೂಟು ಹಾಕಿಕೊಂಡ.

ಈ ದಿನ ತೆಳ್ಳನೆಯ ಹೆಂಗಸಿನದು ಸುಲಭ. ಸೂಟು ಹಿಂದುಮುಂದಾಗಿ ತೊಟ್ಟು, ಬೆನ್ನಿಗಿರಬೇಕಾದ ಜಿಪ್ಪನ್ನು ಎದೆಯ ಮೇಲೆ ಎಳೆದುಕೊಂಡು ಗತ್ತಿನಿಂದ ಹೊರಗೆ ಬಂದಿದ್ದೊಂದನ್ನು ಬಿಟ್ಟರೆ. ಕಷ್ಟವಾಗಿರುವುದು ಅವರ ಅತ್ತಿಗೆಯದು. ಅತ್ತಿಗೆ ಹೆರಿಗೆ ವಾರ್ಡಿನ ಹಿರಿಯ ನರ್ಸು, ಒಳ್ಳೆಯ ಆಳ್ತನದ ಗಟ್ಟಿ ಹೆಂಗಸು. ಮೂರು ದಿನ ಕೊಳದಲ್ಲಿ ಉಸಿರಾಟದ ಪಾಠ ಕಲಿತು ಮೇಷ್ಟ್ರಿಂದ ಸೈ ಅನ್ನಿಸಿಕೊಂಡಿದ್ದಾರೆ. ಆದರೆ ಸೂಟಿಲ್ಲದವರನ್ನು ಮೇಷ್ಟ್ರು ಕಡಲಿಗೆ ಇಳಿಸುವುದಿಲ್ಲ. ಹವಳ ಗೀರುತ್ತದೆ, ಜೆಲ್ಲಿಫಿಶ್ ಎನ್ನುವ ಅಂಬಲಿ ಮೀನು ಕುಟುಕುತ್ತದೆ.

“ಹೋದ ವರ್ಷ ಇನ್ನೊಂದೂರಲ್ಲಿ ಸೈಜ್ ಇಲ್ಲ ಅಂದ್ರು,” ನರ್ಸು ಹೇಳುತ್ತಾರೆ. “ದೋಣೀಲಿ ಕೂತು ಒಂಬತ್ತು ಜನರ ಚಪ್ಪಲಿ ಕಾದೆ. ಎಲ್ಲರೂ ಆಮೆ ನೋಡಿದ್ವಿ ಅಂತ ಬಂದ್ರು. ನಾನು ಹದಿನೆಂಟು ಚಪ್ಪಲಿ ನೋಡಿದೆ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಸಮುದ್ರದ ಕಡೆ ತಲೆ ಹಾಕಿಯೂ ಮಲಗಲ್ಲ.”

ದೋಣಿ ಹೊರಡುವುದು ಏಳೂವರೆಗೆ. ಸೂಟಕ್ಕ ಇರುವುದರಲ್ಲೇ ದೊಡ್ಡ ಸೂಟನ್ನು ಇಳಿಸುತ್ತಾರೆ. ನರ್ಸಮ್ಮನ ಕೈಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ, ರಬ್ಬರು ಸರ್ರನೆ ಜಾರಲೆಂದು. ಕಾಲು ಹೋಯಿತು, ತೋಳು ಹೋಯಿತು. ಜಿಪ್ಪು ಅರ್ಧ ಬೆನ್ನಿಗೆ ಬಂದು ನಿಂತಿತು.

“ಉಸಿರು ಬಿಡಿ. ಪೂರ್ತಿ ಬಿಡಿ. ಹಾಂ, ಇನ್ನೊಂದ್ಸಲ.”

“ಇಪ್ಪತ್ತಾರು ವರ್ಷದಿಂದ ಈ ಮಾತು ನಾನು ಬೇರೆಯವರಿಗೆ ಹೇಳ್ತಿದ್ದೆ,” ಏದುಸಿರಿನ ನಡುವೆ ನರ್ಸು. “ಕೇಳಿಸ್ಕೊಳ್ಳೋರ ಕಷ್ಟ ಇವತ್ತು ಗೊತ್ತಾಯ್ತು.”

ಜಿಪ್ಪು ಜಗ್ಗುವುದಿಲ್ಲ. ನಡುವೆ ನಾಲ್ಕು ಬೆರಳು ಬೆನ್ನು ಕಾಣುತ್ತದೆ. ನಾದಿನಿ ಗೋಡೆ ನೋಡುತ್ತಾರೆ. ನರ್ಸು ನೆಲ ನೋಡುತ್ತಾರೆ. ಸೂಟಕ್ಕ ಸೂಟು ಬಿಚ್ಚಿಸಿಕೊಂಡು ಮೇಜಿನ ಮೇಲೆ ಮಲಗಿಸಿ, ಅಂಗಡಿ ಮಾಲೀಕರಿಗೆ ಫೋನು ಹಚ್ಚಿ, ವಿಷಯ ಹೇಳಿ ಪಕ್ಕದಲ್ಲಿಡುತ್ತಾರೆ.

“ಸೈಜ್ ಇಲ್ಲ ಅಂದ್ಬಿಡಿ. ದೋಣೀಲಿ ಕೂತು ಗಾಳಿ ತಗೊಳ್ಲಿ,” ನಿದ್ದೆಗಣ್ಣಿನ ದನಿ ಕೇಳುತ್ತದೆ. “ಅಷ್ಟು ದೊಡ್ಡದು ನಮ್ಮ ಹತ್ರ ಅದೊಂದೇ ಇರೋದು. ಕತ್ತರಿ ಗಿತ್ತರಿ ಆಡಿಸಿ ಹಾಳು ಮಾಡ್ಬೇಡಿ.”

“ಸರಿ ಸರ್,” ಎನ್ನುತ್ತಾರೆ ಸೂಟಕ್ಕ. ಅಷ್ಟರಲ್ಲಿ ಎಡ ಬಗಲಿನಿಂದ ಸೊಂಟದವರೆಗಿನ ಹೊಲಿಗೆ ಬಿಚ್ಚಿಯಾಗಿದೆ.

ಮೊಣಕಾಲು ಸವೆದು ಮೂಲೆ ಸೇರಿದ ಒಂದು ಕಿತ್ತಳೆ ಬಣ್ಣದ ಸೂಟಿನಿಂದ ಎರಡು ಉದ್ದ ಪಟ್ಟಿ ಕತ್ತರಿಸುತ್ತಾರೆ. ಬಲ ಬಗಲಿನ ಹೊಲಿಗೆಯನ್ನೂ ಬಿಚ್ಚಿ, ಬಗ್ಗಿದ ಸೂಜಿಯಲ್ಲಿ ಒಂದೊಂದು ಬಗಲಿಗೆ ಒಂದೊಂದು ಪಟ್ಟಿ ಸೇರಿಸುತ್ತಾರೆ. ಹೊಲಿಗೆಯ ಮೇಲೆ ರಬ್ಬರ್ ಅಂಟು. ಮೊದಲ ಸಲ ಸವರಿ ಹತ್ತು ನಿಮಿಷ ಆರಲು ಬಿಡಬೇಕು, ಎರಡನೇ ಸಲ ಸವರಿ ಮತ್ತೆ ಹತ್ತು ನಿಮಿಷ. ಅವಸರ ಮಾಡಿದರೆ ನೀರಿನಲ್ಲಿ ಬಾಯಿ ಬಿಡುತ್ತದೆ. ಆಮೇಲೆ ನರ್ಸಮ್ಮನಿಗೂ ಸೂಟಿಲ್ಲ, ಅಂಗಡಿಗೂ ಇಲ್ಲ, ಸೂಟಕ್ಕನಿಗೆ ಕೆಲಸವಿರುತ್ತದೆಂಬ ಭರವಸೆಯೂ ಇಲ್ಲ.

ಅಂಟು ಆರುವ ಹೊತ್ತಿನಲ್ಲಿ ಹಳೆಯ ಕಥೆ ಬಿಚ್ಚಿಕೊಳ್ಳುತ್ತದೆ. ಇಲ್ಲಿಗೆ ಬರುವ ಮೊದಲು ಹತ್ತೊಂಬತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು ಇವರು. ಸಿದ್ಧ ಉಡುಪು ಬಂದು ಕೈಕೆಲಸ ಹೋಯಿತು. ಗಂಡನಿಗೆ ಬೆನ್ನುನೋವು ಬಂದು ಲಾರಿ ಓಡಿಸುವುದು ನಿಂತಿತು. ಹರಿದ ನಾಲ್ಕು ಸೂಟು ಹೊಲಿದುಕೊಡಲು ಕರೆದ ಈ ಅಂಗಡಿಯವರು ಇವರನ್ನು ವಾಪಸ್ ಕಳಿಸಲೇ ಇಲ್ಲ.

“ಸಮವಸ್ತ್ರದಲ್ಲಿ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲೀತಿದ್ವಿ, ಮಕ್ಕಳು ಬೆಳೀತಾರೆ ಅಂತ,” ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೇಳುತ್ತಾರೆ. “ಈ ಸೂಟು ಮಾಡೋರು ಒಂದು ನೂಲೂ ಬಿಡಲ್ಲ. ದೊಡ್ಡೋರು ಬೆಳೆಯೋದಿಲ್ಲ ಅಂತ ಇವರಿಗೆ ಯಾರು ಹೇಳಿದ್ರೋ. ಆ ಕಂಪನಿಯವನು ಒಂದ್ಸಲ ನನ್ನ ಕೈಗೆ ಸಿಗ್ಬೇಕು, ಬೈಯೋಕಲ್ಲ, ಆ ಎರಡು ಬೆರಳು ಹೇಗೆ ಬಿಡೋದು ಅಂತ ತೋರ್ಸೋಕೆ. ಅಷ್ಟೇ ನನ್ನಾಸೆ.”

ಏಳು ಹತ್ತಕ್ಕೆ ಮತ್ತೆ ಚೀಲ, ಮತ್ತೆ ಉಸಿರು. ಜಿಪ್ಪು ಅರ್ಧ ಬೆನ್ನಿಗೆ ಬಂದು, ಒಂದು ಗಳಿಗೆ ಯೋಚಿಸಿ, ಕತ್ತಿನವರೆಗೆ ಏರುತ್ತದೆ.

“ಅತ್ತಿಗೆ, ರಸ್ತೆ ಅಗೆಯೋರ ಹಾಗೆ ಕಾಣ್ತಿದೀರ,” ನಾದಿನಿ ಹೇಳುತ್ತಾರೆ.

“ಒಳ್ಳೇದೇ ಆಯ್ತು. ಕಳೆದುಹೋದ್ರೆ ಬೇಗ ಸಿಗ್ತೀನಿ.”

ಸೂಟಕ್ಕ ಕೂರಿಸುತ್ತಾರೆ, ಏಳಿಸುತ್ತಾರೆ, ಮೂರು ಸಲ ದೀರ್ಘ ಉಸಿರು ಎಳೆಸುತ್ತಾರೆ. ಕತ್ತಿನ ಬಳಿ ಒಂದು ಬೆರಳು ತೂರಿಸಿ ನೋಡುತ್ತಾರೆ. “ನೀರು ಸ್ವಲ್ಪ ಒಳಗೆ ಬರುತ್ತೆ, ಹೆದರ್ಬೇಡಿ. ಬಂದಿದ್ದು ನಿಮ್ಮ ಮೈಯಲ್ಲೇ ಬೆಚ್ಚಗಾಗಿ ಕೂತ್ಕೊಳ್ಳುತ್ತೆ. ಸಡಿಲ ಇದ್ರೆ ಬಾಡಿಗೆಯವರ ಹಾಗೆ ಬರೋದು ಹೋಗೋದು ಮಾಡುತ್ತೆ, ಅದೇ ಚಳಿ.”

ದೋಣಿಯವನು ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಅವರು ಹೋದ ಮೇಲೆ ಮುಂದಿನ ದೋಣಿಗೆ ಕಾದಿದ್ದ ಹನ್ನೆರಡು ಜನರಿಗೆ ತೊಡಿಸುವಾಗ ಸೂಟಕ್ಕನ ಕಣ್ಣು ಕಿಟಕಿಯಲ್ಲೇ ಇರುತ್ತದೆ. ಒಬ್ಬನ ಎಡಗಾಲನ್ನು ಸೂಟಿನ ತೋಳಿಗೆ ತೂರಿಸಿ, ಆತ ಹೇಳುವವರೆಗೂ ಗಮನಿಸುವುದಿಲ್ಲ. ಹತ್ತು ಗಂಟೆಗೆ ದೋಣಿ ಮರಳುತ್ತದೆ. ಅವರು ತೊಟ್ಟಿಯ ಬಳಿ ನಿಂತಿದ್ದಾರೆ, ಕೈಯಲ್ಲಿ ಅಂಟು ಸವರುವ ಕುಂಚ, ಅದನ್ನು ಯಾಕೆ ಹಿಡಿದಿದ್ದಾರೋ ಅವರಿಗೇ ಗೊತ್ತಿಲ್ಲ.

ನರ್ಸು ಬಾಗಿಲು ತುಂಬಿ ನಿಲ್ಲುತ್ತಾರೆ, ಕೂದಲಿಂದ ನೀರು ಸೋರುತ್ತಿದೆ. ಸೂಟಕ್ಕ ಮೊದಲು ನೋಡುವುದು ಮುಖವನ್ನಲ್ಲ, ಬಗಲನ್ನು. ಪಟ್ಟಿ ಅಲುಗಿಲ್ಲ.

“ಚಳಿ ಆಯ್ತಾ?”

“ಗಮನಿಸೋಕೆ ಪುರುಸೊತ್ತಾಗ್ಲಿಲ್ಲ.”

“ಆಮೆ?”

“ಬರ್ಲಿಲ್ಲ. ಒಂದು ದಪ್ಪ ಮೀನು ಬಾಯಿ ಬಿಟ್ಕೊಂಡು ನನ್ನನ್ನೇ ನೋಡ್ತಾ ನಿಂತಿತ್ತು, ಹೆರಿಗೆ ಕೋಣೆ ಹೊರಗಿನ ಗಂಡಂದಿರ ಹಾಗೆ. ಎಲ್ಲಾ ಸರಿಹೋಗುತ್ತೆ ಅಂತ ಕೈಸನ್ನೆ ಮಾಡಿ ಬಂದೆ.”

“ಸರಿ, ಬಿಚ್ಕೊಡಿ. ತೊಳೀಬೇಕು.”

“ಕೊಡ್ತೀನಿ. ಮೊದಲು ಒಂದು ಟೀ ಕುಡ್ಕೊಂಡು ಬರ್ತೀನಿ.”

ಹಾಗೆಂದವರು ಸೂಟಿನಲ್ಲೇ, ಬರಿಗಾಲಲ್ಲಿ ರಸ್ತೆಗಿಳಿಯುತ್ತಾರೆ. ಟವೆಲು ಹಿಡಿದ ನಾದಿನಿ ಹಿಂದೆ ಓಡುತ್ತಾರೆ. ನಡುರಸ್ತೆಯಲ್ಲಿ ನರ್ಸು ಅಂಗೈ ಎತ್ತುತ್ತಾರೆ. ನೀರಿನ ಟ್ಯಾಂಕರು ನಿಲ್ಲುತ್ತದೆ, ಅದರ ಹಿಂದೆ ಎರಡು ಬೈಕು. ಅವರು ಒಂದಿಷ್ಟೂ ಅವಸರವಿಲ್ಲದೆ ದಾಟಿ, ಚಹಾದಂಗಡಿಯ ಮುಂದಿನ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂರುತ್ತಾರೆ.