ದಪ್ಪ ಕಾಗದದ ಮೇಲೆ ಅಕ್ಕನ ಹೆಸರು

ನಮ್ಮ ಅಕ್ಕ ಕೆಲಸ ಮಾಡುವ ಜಿಮ್ಮಿನಲ್ಲಿ ಎಲ್ಲರೂ ಅವಳನ್ನು ‘ಟವೆಲ್ ಅಕ್ಕ’ ಎಂದೇ ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಟವೆಲು ಮಡಿಸುವುದು, ಬೆವರು ಅಂಟಿದ ಬೆಂಚು ಒರೆಸುವುದು, ಹುಡುಗರು ಎಲ್ಲೆಂದರಲ್ಲಿ ಬಿಟ್ಟುಹೋದ ಡಂಬೆಲ್ಲುಗಳನ್ನು ನಂಬರಿನ ಪ್ರಕಾರ ಜೋಡಿಸಿಡುವುದು ಅವಳ ಕೆಲಸ. ಇಪ್ಪತ್ತು ಕೆಜಿಯದನ್ನು ಒಂದೇ ಕೈಯಲ್ಲಿ ಎತ್ತಿ ಅದರ ಜಾಗಕ್ಕೆ ಸೇರಿಸುತ್ತಾಳೆ. ಎತ್ತುವಾಗ ಕನ್ನಡಿ ನೋಡಿಕೊಳ್ಳುವುದಿಲ್ಲ, ಆ ಹುಡುಗರಿಗೂ ಇವಳಿಗೂ ಅಷ್ಟೇ ವ್ಯತ್ಯಾಸ.

ನಾನು ಅವಳ ತಮ್ಮ. ಅದೇ ರಸ್ತೆಯ ಕೊನೆಯಲ್ಲಿ ಒಂದು ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಲೆಟರ್‌ಹೆಡ್, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ಇಂಥವು. ಸೊಟ್ಟಗಿರುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೋಟೆಲಿಗೆ ಹೋದರೂ ಮೊದಲು ಮೆನು ಕಾರ್ಡಿನ ಅಂಚು ನೋಡುತ್ತೇನೆ, ಆಮೇಲೆ ತಿಂಡಿಯ ಹೆಸರು. “ನಿಮ್ಮನ್ನ ಕಟ್ಟಿಕೊಂಡ ಮೇಲೆ ಕ್ಯಾಲೆಂಡರನ್ನೂ ಸ್ಕೇಲ್ ಹಿಡಿದು ನೇತುಹಾಕೋ ಹಾಗಾಗಿದೆ” ಎನ್ನುತ್ತಾಳೆ ನನ್ನ ಹೆಂಡತಿ. ಈ ಚಾಳಿಯಿಂದ ನಾನು ಮಾಡಿದ ಘನಕಾರ್ಯವನ್ನೇ ಈಗ ಹೇಳಹೊರಟಿರುವುದು.

ಅದಕ್ಕೂ ಮುಂಚೆ ಅಕ್ಕನ ಇನ್ನೊಂದು ಕೆಲಸದ ಬಗ್ಗೆ ಹೇಳಬೇಕು. ಆರು ವರ್ಷದ ಹಿಂದೆ ಒಬ್ಬ ನಿವೃತ್ತ ಶಾಲಾ ಟೀಚರು ಮೊಮ್ಮಗನನ್ನು ಕರೆದೊಯ್ಯಲು ಆ ಜಿಮ್ಮಿಗೆ ಬಂದವರು, ಚಪ್ಪಲಿ ಬಿಡುವ ಜಾಗದ ತಗ್ಗು ಬೆಂಚಿನ ಮೇಲೆ ಕೂತುಬಿಟ್ಟರು. ಏಳಲಾಗಲಿಲ್ಲ. ಯಾರಿಗೂ ಹೇಳಲೂ ನಾಚಿಕೆಯಾಗಿ ಫೋನು ನೋಡುವವರ ಹಾಗೆ ಅರ್ಧ ಗಂಟೆ ಕೂತಿದ್ದರಂತೆ. ಅಕ್ಕ ಕಂಡು ಹತ್ತಿರ ಹೋದಳು, ಆದರೆ ಕೈಹಿಡಿದು ಎಬ್ಬಿಸಲಿಲ್ಲ. “ಪಾದ ಹಿಂದಕ್ಕೆ ತಗೊಳ್ಳಿ, ಮೂಗು ಮುಂದಕ್ಕೆ ತನ್ನಿ, ಈಗ ಏಳಿ” ಎಂದಳು. ಅವರು ಎದ್ದರು. ಮರುದಿನದಿಂದ ಬೆಳಿಗ್ಗೆ ಹನ್ನೊಂದಕ್ಕೆ, ಜಿಮ್ಮು ಖಾಲಿ ಇರುವ ಹೊತ್ತಿನಲ್ಲಿ, ಕಲಿಯಲು ಬಂದರು. ಅವರ ಹಿಂದೆ ಇನ್ನಿಬ್ಬರು, ಆಮೇಲೆ ಒಂಬತ್ತು ಜನ. ಮಾಲೀಕರು “ಹೇಗೂ ಖಾಲಿ ಹೊತ್ತು ತಾನೇ” ಎಂದು ಸುಮ್ಮನಾದರು.

ಅಕ್ಕ ಹಟಕ್ಕೆ ಬಿದ್ದು, ನಲವತ್ತೆಂಟನೇ ವಯಸ್ಸಿನಲ್ಲಿ, ಭಾನುವಾರದ ತರಗತಿಗಳಿಗೆ ಹೋಗಿ ತರಬೇತುದಾರರ ಕೋರ್ಸು ಮುಗಿಸಿದಳು. ಸರ್ಟಿಫಿಕೇಟು ಬಂತು. ಜಿಮ್ಮಿನಲ್ಲಿ ಮಾತ್ರ ಇಪ್ಪತ್ತೆರಡರ ಹುಡುಗನೂ ‘ಕೋಚ್’, ಇವಳು ಟವೆಲ್ ಅಕ್ಕ. ಕರೆದಾಗ ನಗುತ್ತಾಳೆ. ಆ ನಗು ನನಗೆ ಗೊತ್ತು, ಚಿಕ್ಕಂದಿನಲ್ಲಿ ಅವಳ ಪಾಲಿನ ಪೆನ್ಸಿಲ್ಲನ್ನು ನಾನು ಕಿತ್ತುಕೊಂಡಾಗಲೂ ಹಾಗೇ ನಗುತ್ತಿದ್ದಳು.

ಅವಳಿಗೆ ಒಂದು ನಿಯಮವಿದೆ. ಬಂದವರು ಎಂಥ ಗಟ್ಟಿಗರೇ ಆಗಲಿ, ಮೊದಲು ಕೈಕಟ್ಟಿಕೊಂಡು ಕುರ್ಚಿಯಿಂದ ಹತ್ತು ಸಲ ಏಳಬೇಕು, ಕೂರಬೇಕು. ಆಮೇಲೆ ಖಾಲಿ ರಾಡು. ಆಮೇಲಷ್ಟೇ ತೂಕ. “ಮಂಡಿ ನೋಡದೆ ತೂಕ ಕೊಡೋರು ಕೋಚ್ ಅಲ್ಲ, ಕಟುಕರು” ಎನ್ನುತ್ತಾಳೆ. ನನ್ನ ಸೊಂಟನೋವಿಗೂ ಅದೇ ಔಷಧಿ ಹೇಳಿ ಹೇಳಿ ಸೋತಿದ್ದಳು. ನಾನು ಇಂದು ನಾಳೆ ಎಂದು ನಾಲ್ಕು ವರ್ಷ ತಳ್ಳಿದ್ದೆ.

ಹೀಗಿರುವಾಗ ಒಂದು ಗುರುವಾರ ಅವಳಿಗೆ ಫೋನು ಬಂತು. ದೊಡ್ಡ ಜಿಮ್ ಕಂಪನಿ, ಊರಿನ ಆ ತುದಿಯಲ್ಲಿ ಅವರದೊಂದು ಶಾಖೆ ಮೊದಲೇ ಇದೆ. ಈಗ ಇನ್ನೊಂದು ತೆರೆಯುತ್ತಿದ್ದಾರಂತೆ. “ನಿಮ್ಮಂಥೋರನ್ನೇ ಹುಡುಕ್ತಾ ಇದ್ವಿ ಮೇಡಂ” ಎಂದಳಂತೆ ಸಕ್ಕರೆಯಂಥ ದನಿಯವಳು. ಕೆಲಸ ಹುಡುಕುವ ಯಾವುದೋ ಜಾಲತಾಣದಲ್ಲಿ ಅಕ್ಕ ಹೆಸರು ಹಾಕಿ ಮರೆತಿದ್ದಳು. ಸಂಜೆಯ ಹೊತ್ತಿಗೆ ಮೊಬೈಲಿಗೆ ನೇಮಕಾತಿ ಪತ್ರವೇ ಬಂತು: ಹಿರಿಯರ ವಿಭಾಗದ ಮುಖ್ಯ ತರಬೇತುದಾರರು. ಸೋಮವಾರವೇ ಸೇರಬೇಕು. ಅಷ್ಟರೊಳಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸರ್ಟಿಫಿಕೇಟಿನ ಅಸಲು ಪ್ರತಿಯನ್ನು ಕೊರಿಯರ್ ಮಾಡಿ, ಸಮವಸ್ತ್ರಕ್ಕೂ ತರಬೇತಿಗೂ ಡೆಪಾಸಿಟ್ ಕಟ್ಟಬೇಕು.

“ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳ್ತಾರಾ ಅತ್ತಿಗೆ? ಬೆಳ್ಳಗಿರೋದೆಲ್ಲ ಹಾಲಲ್ಲ” ಎಂದಳು ನನ್ನ ಹೆಂಡತಿ. ಅಕ್ಕನ ಮುಖ ಬಾಡಿತು. ನನಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಹನ್ನೊಂದು ವರ್ಷದ ಮೇಲೆ ಒಂದು ಒಳ್ಳೆಯ ಸುದ್ದಿ ಬಂದಿದೆ, ಸಂತೋಷಪಡಲು ಇವಳಿಗೇನು ಧಾಡಿ ಎಂದುಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು ಎಂದು ಆಗ ನನಗೆ ಗೊತ್ತಿರಲಿಲ್ಲ.

“ನೀಟಾಗಿ ಒಂದು ಪ್ರಿಂಟ್ ತೆಗೆದುಕೊಡೋ. ನಮ್ಮ ಸೀನಿಯರ್ ಕೋಚ್‌ಗೆ ತೋರಿಸ್ತೀನಿ. ಅವರಿಗೆ ಈ ಕಂಪನಿಗಳೆಲ್ಲ ಗೊತ್ತು. ಅವರು ಸರಿ ಅಂದ್ರೆ ಸರಿ” ಎಂದಳು ಅಕ್ಕ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿನಲ್ಲಿ ಪತ್ರ ತೆರೆದೆ. ನೋಡಿದರೆ ಅಸಹ್ಯವಾಗಿತ್ತು. ಲೋಗೋ ಮಸುಕು. ಪತ್ರವೆಲ್ಲ ಒಂದು ಬಗೆಯ ಅಕ್ಷರ, ಅಕ್ಕನ ಹೆಸರೂ ಹುದ್ದೆಯೂ ಇದ್ದ ಸಾಲು ಮಾತ್ರ ಇನ್ನೊಂದು ಬಗೆ, ಅದರ ಹಿಂದೆ ತೆಳು ಬೂದು ಪಟ್ಟಿ ಬೇರೆ. ಮೊಹರು ಸಹಿಯ ಮೇಲೆ ಸೊಟ್ಟಗೆ ಬಿದ್ದಿತ್ತು. ಮೇಲೊಂದು ವಿಳಾಸ, ಕೆಳಗೊಂದು ವಿಳಾಸ. ಇಷ್ಟು ದೊಡ್ಡ ಕಂಪನಿಗೆ ಒಬ್ಬ ಒಳ್ಳೆಯ ಪ್ರಿಂಟರ್ ಸಿಗಲಿಲ್ಲವೇ ಎಂದು ಬೈದುಕೊಂಡೆ. ನನ್ನ ಅಕ್ಕನ ಪತ್ರ ಹೀಗಿರುವುದೇ?

ಅಂಗಿಯ ತೋಳು ಮಡಚಿ ಕೂತೆ. ಲೋಗೋವನ್ನು ಹೊಸದಾಗಿ ಬರೆದೆ. ಮೊಹರು ನೆಟ್ಟಗೆ ಮಾಡಿದೆ. ಬೂದು ಪಟ್ಟಿ ಅಳಿಸಿದೆ. ವಿಳಾಸ ಎರಡೇಕೆ ಎಂದು, ನೋಡಲು ಚೆನ್ನಾಗಿದ್ದ ಒಂದನ್ನು ಉಳಿಸಿದೆ. ಅವಳ ಹೆಸರಿನ ಸಾಲನ್ನು ನನಗೆ ಬಹಳ ಇಷ್ಟವಾದ ಅಕ್ಷರದಲ್ಲಿ, ಒಂದು ಸುತ್ತು ದಪ್ಪಗೆ, ಹೊಸದಾಗಿ ಜೋಡಿಸಿದೆ. ದೊಡ್ಡ ಗಿರಾಕಿಗಳಿಗೆಂದು ಎತ್ತಿಟ್ಟಿದ್ದ ದಪ್ಪ ಕಾಗದದ ಮೇಲೆ ಮುದ್ರಿಸಿ ಕೈಗಿಟ್ಟೆ. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದು ಓದಿದಳು. ನನ್ನ ತಲೆ ಸವರಿ ಹೋದಳು. ನನಗೂ ಐವತ್ತು ಹತ್ತಿರವಾಗಿದೆ, ಆದರೂ ಕಣ್ಣು ತುಂಬಿತು.

ಶನಿವಾರ ಮಧ್ಯಾಹ್ನ ಅವಳು ಅಂಗಡಿಗೆ ಬಂದಾಗ ಕೈಯಲ್ಲಿ ಸರ್ಟಿಫಿಕೇಟು, ಜೇಬಿನಲ್ಲಿ ಇನ್ನೂ ಕೊಡದ ರಾಜೀನಾಮೆಯ ಚೀಟಿ. ಮುಖ ಬೆಳಗುತ್ತಿತ್ತು.

“ಕೋಚ್ ಏನಂದ್ರು ಗೊತ್ತಾ? ‘ಅಕ್ಕಾ, ಮೋಸದ ಲೆಟರ್‌ಗಳು ನಾನು ಬೇಕಾದಷ್ಟು ನೋಡಿದೀನಿ. ಲೋಗೋ ಮಸುಕಾಗಿರುತ್ತೆ. ನಮ್ಮ ಹೆಸರನ್ನ ಬೇರೆ ಅಕ್ಷರದಲ್ಲಿ ಅಂಟಿಸಿರ್ತಾರೆ. ವಿಳಾಸ ಒಂದಕ್ಕೊಂದು ತಾಳೆ ಆಗಲ್ಲ. ಇದು ನೋಡಿ, ಮುತ್ತಿನ ಹಾಗಿದೆ. ಕಣ್ಣು ಮುಚ್ಚಿಕೊಂಡು ಹೋಗಿ’ ಅಂದ್ರು. ಒಂದು ಗಟ್ಟಿ ಕವರ್ ಕೊಡು. ಸರ್ಟಿಫಿಕೇಟ್ ಮಡಚಿಹೋಗಬಾರದು.”

ಕೋಚ್ ಎಣಿಸಿದ್ದ ಕುರುಹುಗಳನ್ನೆಲ್ಲ ಒಂದೊಂದಾಗಿ ಒರೆಸಿ ಹಾಕಿದವನು ನಾನೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಕವರು ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಸುಳ್ಳೇಕೆ, ಹೇಳದೇ ಇದ್ದುಬಿಡೋಣ ಎಂದೂ ಅನಿಸಿತು. ಪತ್ರ ನಿಜವೇ ಆಗಿದ್ದರೆ? ಆ ಮುಖವನ್ನು ಬಾಡಿಸುವವನು ನಾನೇ ಆಗಬೇಕೇ? ಆದರೆ ಸರ್ಟಿಫಿಕೇಟು ನನ್ನ ಕೈಗೆ ಬಂದಿತ್ತು. ಅದರ ಮೂಲೆಯಲ್ಲಿ ಅವಳ ಫೋಟೋ, ಬಾಚಿದ ತಲೆ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಗಾಬರಿಯ ಕಣ್ಣು. ಆ ಕಣ್ಣನ್ನು ಕವರಿಗೆ ಹಾಕಿ ಅಂಟಿಸಲು ನನ್ನಿಂದಾಗಲಿಲ್ಲ.

“ಅಕ್ಕ, ಕೂತ್ಕೋ. ಒಂದು ತಪ್ಪು ಮಾಡಿದೀನಿ” ಎಂದು, ಮೊದಲು ಬಂದ ಪತ್ರವನ್ನೂ ನನ್ನ ಪತ್ರವನ್ನೂ ಅಕ್ಕಪಕ್ಕ ತೆರೆದು ತೋರಿಸಿದೆ.

ಅವಳು ಎರಡನ್ನೂ ಸಾಲು ಸಾಲಾಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಂಗೂ ಒಂದು ವಿಷಯ ಚುಚ್ತಾನೇ ಇತ್ತು ಕಣೋ. ಇವರು ನನ್ನ ಕೆಲಸ ನೋಡೇ ಇಲ್ಲ. ನಾನು ಯಾರನ್ನಾದ್ರೂ ಕುರ್ಚಿಯಿಂದ ಏಳಿಸದೆ ತೂಕ ಕೊಡ್ತೀನಾ? ಇವರು ಒಂದೇ ಸಲಕ್ಕೆ ಮುಖ್ಯ ತರಬೇತುದಾರರು ಅಂತಾರೆ. ಹೊಗಳಿಸಿಕೊಳ್ಳೋ ಆಸೆಗೆ ಸುಮ್ಮನಾಗಿಬಿಟ್ಟೆ” ಎಂದಳು. ಆಮೇಲೆ ಫೋನು ಎತ್ತಿದಳು. “ತಡಿ, ಇವರಿಗೂ ಖಾಲಿ ರಾಡು ಕೊಟ್ಟು ನೋಡೋಣ.”

ಸ್ಪೀಕರಿಗೆ ಹಾಕಿದಳು. ಅದೇ ಸಕ್ಕರೆ ದನಿ.

“ಮೇಡಂ, ಸೇರೋಕೆ ಮುಂಚೆ ಒಂದು ದಿನ ಬಂದು ತರಗತಿ ಮಾಡಿ ತೋರಿಸ್ತೀನಿ. ನೀವು ನನ್ನ ನೋಡಿದ ಹಾಗೂ ಆಗುತ್ತೆ” ಎಂದಳು ಅಕ್ಕ.

“ಅದೆಲ್ಲ ಬೇಡ ಮೇಡಂ. ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ.”

“ಹೋಗಲಿ, ಜಾಗ ಎಲ್ಲಿ ಹೇಳಿ. ಬಾಗಿಲಾದ್ರೂ ನೋಡಿ ಬರ್ತೀನಿ.”

“ಡೆಪಾಸಿಟ್ ಬಂದ ಮೇಲೆ ಲೊಕೇಶನ್ ಕಳಿಸ್ತೀವಿ.”

“ಮಂಡಿನೋವು ಇರೋರಿಗೆ ಮೊದಲನೇ ದಿನ ನಿಮ್ಮಲ್ಲಿ ಏನು ಮಾಡಿಸ್ತೀರಿ?”

“ಇವತ್ತೇ ಕಟ್ಟದಿದ್ರೆ ನಿಮ್ಮ ಜಾಗ ಬೇರೆಯವರಿಗೆ ಹೋಗುತ್ತೆ ಮೇಡಂ” ಎಂದಿತು ದನಿ. ಸಕ್ಕರೆ ಕರಗಿತ್ತು.

ಅನುಮಾನ ಉಳಿಯಬಾರದೆಂದು ಇಬ್ಬರೂ ಸ್ಕೂಟರಿನಲ್ಲಿ ಊರಿನ ಆ ತುದಿಯ ಶಾಖೆಗೇ ಹೋದೆವು. ಸ್ವಾಗತ ಮೇಜಿನ ಹುಡುಗಿ ಪತ್ರ ನೋಡಿ, “ಹೊಸ ಶಾಖೆ ಯಾವುದೂ ಇಲ್ಲ ಆಂಟಿ. ಈ ತಿಂಗಳು ಹೀಗೆ ಬಂದೋರಲ್ಲಿ ನೀವು ನಾಲ್ಕನೆಯವರು” ಎಂದಳು. ಆಮೇಲೆ ಕಾಗದವನ್ನು ಬೆರಳಲ್ಲಿ ಮುಟ್ಟಿ, “ಇಷ್ಟು ಚೆನ್ನಾಗಿರೋದು ಮಾತ್ರ ಇದೇ ಮೊದಲು” ಎಂದಳು. ನಾನು ನೆಲ ನೋಡಿದೆ. ಅಕ್ಕ ಮೆಟ್ಟಿಲಿಳಿಯುವಾಗ ಮೊದಲು ಸಣ್ಣಗೆ ನಕ್ಕಳು, ಆಮೇಲೆ ಕೊನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ. ಅವಳ ಚೀಲ ಹಿಡಿದುಕೊಂಡಿದ್ದೆ, ಅಷ್ಟೇ.

ಅಂಗಡಿಗೆ ಬಂದ ಮೇಲೆ ಪತ್ರವನ್ನು ಹರಿಯಲು ಹೋದೆ. ಅಕ್ಕ ಕೈ ಹಿಡಿದಳು. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಅವಳ ಹೆಸರೂ ‘ತರಬೇತುದಾರರು’ ಎಂಬ ಮಾತೂ ಇದ್ದ ಆ ಒಂದು ಸಾಲನ್ನು ನೆಟ್ಟಗೆ ಕತ್ತರಿಸಿಕೊಂಡಳು. ಅದರಲ್ಲಿದ್ದ ‘ಮುಖ್ಯ’ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿದಳು.

“ಈ ಸಾಲು ಅವರದಲ್ಲ, ನೀನು ಜೋಡಿಸಿದ್ದು. ಉಳಿದದ್ದು ಬಿಸಾಕು” ಎಂದಳು. ಬಾಗಿಲ ತನಕ ಹೋದವಳು ತಿರುಗಿ, “ನಿಂಗೆ ದಂಡ ಇದೆ. ಸೋಮವಾರದಿಂದ ಹನ್ನೊಂದಕ್ಕೆ ಬಾ. ನೆಪ ಹೇಳಿದ್ರೆ ಕಿವಿ ಹಿಂಡ್ತೀನಿ” ಎಂದಳು.

ಹಾಗಾಗಿ ಸೋಮವಾರ ನಾನು ಒಂಬತ್ತು ಜನ ಅಜ್ಜಿಯರ ನಡುವೆ ಕೈಕಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದೆ. ಆರನೆಯ ಸಲಕ್ಕೆ ನನ್ನ ಉಸಿರು ಹೋಯಿತು. ಅವರೆಲ್ಲ ಹತ್ತೂ ಮುಗಿಸಿ ನನ್ನನ್ನು ಮರುಕದಿಂದ ನೋಡುತ್ತಿದ್ದರು. ಟವೆಲಿನ ಕಪಾಟಿನ ಬಾಗಿಲಿಗೆ ಅಕ್ಕ ಆ ಕಾಗದದ ತುಂಡನ್ನು ಅಂಟಿಸಿದ್ದಳು. ಸ್ವಲ್ಪ ಸೊಟ್ಟಗೆ. ಸರಿಮಾಡಲು ನನ್ನ ಕೈ ತುರಿಸಿತು, ಆದರೆ ಮುಟ್ಟಲಿಲ್ಲ.

ಆರು ವರ್ಷದ ಹಿಂದೆ ತಗ್ಗು ಬೆಂಚಿನಿಂದ ಏಳಲಾರದೆ ಕೂತಿದ್ದ ಆ ಟೀಚರಮ್ಮ ಟವೆಲು ತೆಗೆದುಕೊಳ್ಳಲು ಹೋದವರು, ಕನ್ನಡಕ ಏರಿಸಿ ಅದನ್ನು ನಿಧಾನವಾಗಿ ಓದಿದರು. ಅಕ್ಕ ಟವೆಲು ಮಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

“ಇದು ನಮಗೆಲ್ಲ ಗೊತ್ತಿರೋ ವಿಷಯ ತಾನೇ, ಇಷ್ಟು ದಿನ ಆದಮೇಲೆ ಅಂಟಿಸಿದ್ಯಾಕೆ?” ಎಂದು ಕೇಳಿ, ಟೀಚರಮ್ಮ ಮುಂದಿನ ಹತ್ತಕ್ಕೆ ತಮ್ಮ ಕುರ್ಚಿ ಎಳೆದುಕೊಂಡರು.